ವೋಲ್ಟೇಜ್‌ಗೆ ಕಡಿವಾಣ ಹಾಕಿದ ಕಡಿವಾಣವಿಲ್ಲದ ಪ್ರತಿಭೆ

ಮೊಬೈಲ್ ಫೋನಿನ ಬ್ಯಾಟರಿ ಬರಿದಾಗುತ್ತ ಹೋದಂತೆ ಅದರ ವೋಲ್ಟೇಜ್ ಇಳಿಯುತ್ತದೆ. ಆದರೂ ಫೋನಿನ ಒಳಭಾಗಗಳಿಗೆ ಆ ಏರುಪೇರು ತಟ್ಟುವುದಿಲ್ಲ. ವಿದ್ಯುತ್ತನ್ನು ಹದಗೊಳಿಸಿ ಹಂಚುವ ಚಿಪ್‌ಗಳು ನಡುವೆ ನಿಂತು ಕಾಯುತ್ತಿರುತ್ತವೆ. ಈ ಚಿಪ್‌ಗಳ ವಂಶವೃಕ್ಷದ ಬುಡದಲ್ಲಿ ಕಾಣುವ ಹೆಸರು ರಾಬರ್ಟ್ ವಿಡ್ಲರ್.

1937ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜನಿಸಿದ ವಿಡ್ಲರ್ ರೇಡಿಯೊ ಎಂಜಿನಿಯರರ ಮಗ. ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಅವರು 1963ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಪದವಿ ಪಡೆದು ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸಂಸ್ಥೆ ಸೇರಿದರು. ಬಳಿಕ ನ್ಯಾಷನಲ್ ಸೆಮಿಕಂಡಕ್ಟರ್‌ಗೆ ಹೋದರು. ವೋಲ್ಟೇಜ್ ನಿಯಂತ್ರಣವನ್ನು ಹಲವು ಬಿಡಿಭಾಗಗಳಿಂದ ಜೋಡಿಸುತ್ತಿದ್ದ ಕಾಲವದು.

ದೊಡ್ಡ ಶತ್ರು ಶಾಖ. ಸಿಲಿಕಾನ್ ಟ್ರಾನ್ಸಿಸ್ಟರಿನ ವೋಲ್ಟೇಜ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಕುಸಿಯುತ್ತದೆ. ಆದರೆ ಭಿನ್ನ ಸಾಂದ್ರತೆಯ ವಿದ್ಯುತ್ ಹರಿಯುವ ಎರಡು ಟ್ರಾನ್ಸಿಸ್ಟರುಗಳ ವೋಲ್ಟೇಜ್ ಅಂತರ ಬಿಸಿಯೊಂದಿಗೆ ಏರುತ್ತದೆ. ಆ ಏರಿಕೆಯನ್ನು ಈ ಇಳಿಕೆಗೆ ತಕ್ಕಷ್ಟು ಕೂಡಿಸಿದರೆ, ತಾಪಮಾನಕ್ಕೆ ಅಷ್ಟಾಗಿ ಕದಲದ ಸುಮಾರು 1.2 ವೋಲ್ಟ್ ದೊರೆಯುತ್ತದೆ. ಡೇವಿಡ್ ಹಿಲ್ಬೈಬರ್ 1964ರಲ್ಲಿ ಮಂಡಿಸಿದ್ದ ಈ ತತ್ವವನ್ನು ವಿಡ್ಲರ್ ಚಿಪ್ಪಿನೊಳಗೆ ಸಾಧಿಸಿದರು. 1969ರ ಎಲ್‌ಎಂ109 ಚಿಪ್, ಮೂರೇ ಸಂಪರ್ಕಗಳಿಂದ ಸ್ಥಿರವಾದ 5 ವೋಲ್ಟ್ ನೀಡಿತು. ಮಿತಿಮೀರಿ ಬಿಸಿಯಾದರೆ ತಾನಾಗಿಯೇ ಕೆಲಸ ನಿಲ್ಲಿಸುವ ವಿವೇಕವೂ ಅದಕ್ಕಿತ್ತು.

ಆ ವಿವೇಕ ಅದರ ಕರ್ತೃವಿಗೆ ಒಲಿಯಲಿಲ್ಲ. ವಿಡ್ಲರ್ ಅತಿಯಾಗಿ ಕುಡಿಯುತ್ತಿದ್ದರು. ಕೈಕೊಟ್ಟ ಬಿಡಿಭಾಗಗಳನ್ನು ಸುತ್ತಿಗೆಯಿಂದ ಪುಡಿಗಟ್ಟುತ್ತಿದ್ದರು. ಕಂಪನಿ ಹುಲ್ಲು ಕತ್ತರಿಸುವ ಖರ್ಚು ಉಳಿಸಿದಾಗ ಅಣಕಿಸಲು ಕುರಿಯನ್ನೇ ತಂದು ಮೇಯಿಸಿದರು. 1970ರ ಡಿಸೆಂಬರಿನಲ್ಲಿ, 33ನೇ ವಯಸ್ಸಿನಲ್ಲೇ ನೌಕರಿ ತೊರೆದು ಮೆಕ್ಸಿಕೊ ಸೇರಿದರು. ಬಳಿಕ ಸಲಹೆಗಾರರಾಗಿ ಮರಳಿ, ಕೇವಲ 1.1 ವೋಲ್ಟ್‌ನಲ್ಲಿ ದುಡಿಯಬಲ್ಲ ಎಲ್‌ಎಂ10 ರೂಪಿಸಿದರು. 1981ರಲ್ಲಿ ಲೀನಿಯರ್ ಟೆಕ್ನಾಲಜಿ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲ್ಗೊಂಡರೂ ಅಲ್ಲಿ ಬಹುಕಾಲ ನಿಲ್ಲಲಿಲ್ಲ. 1991ರಲ್ಲಿ ಮೆಕ್ಸಿಕೊದಲ್ಲಿ ಓಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ.

ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ವಿಲೀನವಾಯಿತು. ಆ ಸಂಸ್ಥೆ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದಿತ್ತು. ಹೀಗೆ ವಿಡ್ಲರ್ ಪರಂಪರೆಯ ಒಂದು ಕವಲು ನಮ್ಮ ಊರಿಗೂ ಚಾಚಿದೆ. ಪ್ರೊಸೆಸರಿನ ವೇಗವನ್ನು ಕೊಂಡಾಡುವ ನಾವು ಅದಕ್ಕೆ ಸ್ಥಿರ ವಿದ್ಯುತ್ ಉಣಿಸುವ ವಿದ್ಯೆಯನ್ನು ಮರೆಯುತ್ತೇವೆ. ನಮ್ಮ ಎಂಜಿನಿಯರಿಂಗ್ ತರಗತಿಗಳು ಸಾಫ್ಟ್‌ವೇರಿನಷ್ಟೇ ಗೌರವವನ್ನು ಈ ವಿದ್ಯೆಗೂ ಕೊಡಬೇಕು. ಒಂದು ದೋಷವನ್ನು ಇನ್ನೊಂದರಿಂದ ಸರಿದೂಗಿಸಿದ ವಿಡ್ಲರ್ ಅವರ ಜಾಣ್ಮೆ ಅಲ್ಲಿ ಪಾಠವಾಗಲಿ. ತಮ್ಮ ಬದುಕಿನಲ್ಲಿ ಅವರಿಗೆ ಸಾಧಿಸಲಾಗದ ಸಮತೋಲನ, ಎಚ್ಚರಿಕೆಯಾಗಲಿ.