ಆಕಾಶದ ಲೆಕ್ಕ ಬರೆದ ಧರ್ಮಗುರು: ಜುಸೆಪ್ಪೆ ಪಿಯಾತ್ಸಿ

ಜನವರಿ ತಿಂಗಳೆಂದರೆ ಕಳಸ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಕಾಲ. ಹೊಸ ವರ್ಷದ ರಾತ್ರಿ ಊಟ ಮುಗಿಸಿ ಕಾಫಿ ಕಣಕ್ಕೆ ಬಂದು ತಲೆಯೆತ್ತಿದರೆ, ಕುದುರೆಮುಖದ ಬೆಟ್ಟಸಾಲಿನ ಮೇಲೆ ಕೃತ್ತಿಕೆಯ ಗೊಂಚಲೂ ಕೆಂಪು ರೋಹಿಣಿಯೂ ನಿಚ್ಚಳವಾಗಿ ಬೆಳಗುತ್ತಿರುತ್ತವೆ. ಅದೇ ವೃಷಭ ರಾಶಿಯಲ್ಲಿ, 1801ರ ಜನವರಿ 1ರ ರಾತ್ರಿ, ಸಿಸಿಲಿಯ ಪಲೆರ್ಮೊ ನಗರದ ಕಥೋಲಿಕ ಧರ್ಮಗುರುವೊಬ್ಬರು ಯಾವ ಪಟ್ಟಿಯಲ್ಲೂ ಇಲ್ಲದ ಮಂದವಾದ ಚುಕ್ಕೆಯೊಂದನ್ನು ಕಂಡರು. ಮಾನವನು ಕಂಡುಹಿಡಿದ ಪ್ರಪ್ರಥಮ ಕ್ಷುದ್ರಗ್ರಹ ಅದು.

ಜುಸೆಪ್ಪೆ ಪಿಯಾತ್ಸಿ ಜನಿಸಿದ್ದು 1746ರ ಜುಲೈ 16ರಂದು, ಉತ್ತರ ಇಟಲಿಯ ಪೋಂತೆ ಎಂಬ ಬೆಟ್ಟದೂರಿನಲ್ಲಿ. ಯೌವನದಲ್ಲಿಯೇ ಥಿಯೇಟಿನ್ ಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. ಹಳೆ ಗೋವೆಯ ಸಂತ ಕಾಯೆತಾನರ ದೇವಾಲಯವನ್ನು ಕಂಡವರಿಗೆ ಈ ಸಭೆ ಅಪರಿಚಿತವಲ್ಲ. ಅದನ್ನು ಕಟ್ಟಿಸಿದವರು ಇವರೇ. ಹಲವು ಊರುಗಳಲ್ಲಿ ಗಣಿತ ಬೋಧಿಸಿ, ಕಡೆಗೆ ಪಲೆರ್ಮೊಗೆ ಬಂದ ಪಿಯಾತ್ಸಿಯವರು ಖಗೋಳ ವೀಕ್ಷಣೆಗೆ ತೊಡಗಿದಾಗ ವಯಸ್ಸು ನಲವತ್ತು ದಾಟಿತ್ತು. ಅದಕ್ಕಾಗಿ ಪ್ಯಾರಿಸ್, ಲಂಡನ್ ನಗರಗಳಿಗೆ ಹೋಗಿ ಕಲಿತರು. ಲಂಡನ್ನಿನ ಹೆಸರಾಂತ ಕುಶಲಕರ್ಮಿ ರಾಮ್ಸ್‌ಡೆನ್‌ನಿಂದ ಐದು ಅಡಿ ವ್ಯಾಸದ ವೃತ್ತಯಂತ್ರವೊಂದನ್ನು ಮಾಡಿಸಿದರು. ಅದು 1789ರಲ್ಲಿ ಸಿದ್ಧವಾಯಿತು. ಮರುವರ್ಷ ಪಲೆರ್ಮೊದ ಅರಮನೆಯ ಗೋಪುರದಲ್ಲಿ ವೀಕ್ಷಣಾಲಯ ಸ್ಥಾಪನೆಯಾಯಿತು.

ಅವರು ಹೊಸ ಗ್ರಹವನ್ನು ಅರಸುತ್ತಿರಲಿಲ್ಲ. ಒಂದೊಂದು ನಕ್ಷತ್ರವನ್ನೂ ಹಲವು ರಾತ್ರಿ ಅಳೆದು, ಅದರ ಸ್ಥಾನವನ್ನು ಖಚಿತಪಡಿಸಿಕೊಂಡು ದಾಖಲಿಸುತ್ತಿದ್ದರು. ಬೇಸರ ತರಿಸುವ ಕೆಲಸವೆಂದು ಯಾರಿಗಾದರೂ ತೋರಬಹುದು. ಆದರೆ ಆ ಚುಕ್ಕೆ ಮರುರಾತ್ರಿ ತುಸು ಸರಿದಿರುವುದು ತಿಳಿದದ್ದು ಈ ಪದ್ಧತಿಯಿಂದಲೇ. ಮೊದಲು ತಮ್ಮ ಅಳತೆಯಲ್ಲಿಯೇ ತಪ್ಪಿರಬಹುದೆಂದು ಶಂಕಿಸಿದರು. ಮೂರನೆಯ, ನಾಲ್ಕನೆಯ ರಾತ್ರಿಗಳಲ್ಲಿ ಸಂಶಯ ನೀಗಿತು.

ಜನವರಿ 24ರಂದು ಬರ್ಲಿನ್ನಿನ ಬೋಡೆಗೆ ಬರೆದ ಪತ್ರದಲ್ಲಿ ಅದನ್ನು ಧೂಮಕೇತುವೆಂದೇ ತಿಳಿಸಿದರು. ಮಿಲಾನಿನ ಆಪ್ತಮಿತ್ರ ಓರಿಯಾನಿಗೆ ಮಾತ್ರ, ಅದು ಧೂಮಕೇತುವಿಗಿಂತ ಮಿಗಿಲಾದದ್ದಿರಬಹುದೆಂದು ಗುಟ್ಟಾಗಿ ಸೂಚಿಸಿದರು. ಫೆಬ್ರವರಿ 11ರ ವೇಳೆಗೆ ಕಾಯಿಲೆ ಬಿದ್ದು ವೀಕ್ಷಣೆ ನಿಂತಿತು. ಸುದ್ದಿ ಯುರೋಪಿಗೆಲ್ಲ ಹರಡುವಷ್ಟರಲ್ಲಿ ಚುಕ್ಕೆ ಸೂರ್ಯನ ಪ್ರಭೆಯಲ್ಲಿ ಮರೆಯಾಗಿತ್ತು. ಮಾಹಿತಿಯನ್ನು ತಡವಾಗಿ ಕೊಟ್ಟರೆಂಬ ದೂರು ಅವರನ್ನು ಮುತ್ತಿತು. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಪೂರ್ತಿ ಲೆಕ್ಕ ಕಳುಹಿಸಿದ್ದು ವಸಂತಕಾಲದಲ್ಲಿ. ಆದರೆ ಪರೀಕ್ಷಿಸದೆ ಏನನ್ನೂ ಹೊರಗೆಡಹುವ ಸ್ವಭಾವ ಅವರದಾಗಿರಲಿಲ್ಲ. ಕಾಣೆಯಾದದ್ದು ಮತ್ತೆ ಸಿಗದಿದ್ದರೆ ಇಡೀ ಶೋಧವೇ ಭ್ರಮೆಯೆನಿಸುವ ಅಪಾಯವಿತ್ತು.

ಸುಮಾರು 40 ದಿನಗಳ ಆ ಅಳತೆಗಳನ್ನೇ ಆಧರಿಸಿ, 24 ವರ್ಷದ ಜರ್ಮನ್ ಗಣಿತಜ್ಞ ಗೌಸ್ ಅದರ ಕಕ್ಷೆಯನ್ನು ಲೆಕ್ಕ ಹಾಕಿದನು. 1801ರ ಡಿಸೆಂಬರಿನಲ್ಲಿ ಫಾನ್ ಜಾಖ್, 1802ರ ಜನವರಿ 1ರಂದು ಓಲ್ಬರ್ಸ್ ಅದನ್ನು ಮರಳಿ ಕಂಡರು. ಗೌಸ್ ಹೇಳಿದ ಸ್ಥಳದ ಸಮೀಪದಲ್ಲಿಯೇ ಅದಿತ್ತು. ಪಲೆರ್ಮೊದ ಗುರುಗಳ ಅಳತೆ ಎಷ್ಟು ನಿಖರವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಿಸಿಲಿಯವರು ಪೂರ್ವಕಾಲದಲ್ಲಿ ಪೂಜಿಸುತ್ತಿದ್ದ ಧಾನ್ಯದೇವತೆಯ ಹೆಸರನ್ನೇ ಆರಿಸಿ ಅದನ್ನು ಸೀರಿಸ್ ಎಂದು ಕರೆದರು. ಜೊತೆಗೆ ಸೇರಿಸಿದ್ದ ರಾಜ ಫರ್ಡಿನಾಂಡನ ಹೆಸರು ಉಳಿಯಲಿಲ್ಲ. ತಮ್ಮ ಗೌರವಕ್ಕೆಂದು ರಾಜನು ಚಿನ್ನದ ಪದಕ ಹೊರಡಿಸಲು ಮುಂದಾದಾಗ, ಆ ಹಣದಲ್ಲಿ ವೀಕ್ಷಣಾಲಯಕ್ಕೊಂದು ಉಪಕರಣ ಕೊಡಿಸುವಂತೆ ಕೋರಿದರೆಂದು ಹೇಳುತ್ತಾರೆ. ಅವರ ನಕ್ಷತ್ರಪಟ್ಟಿ 1803ರಲ್ಲಿ ಪ್ರಕಟವಾಯಿತು. 1814ರ ಎರಡನೆಯ ಆವೃತ್ತಿಯಲ್ಲಿ 7,646 ನಕ್ಷತ್ರಗಳಿದ್ದವು. 1826ರ ಜುಲೈ 22ರಂದು ನೇಪಲ್ಸ್ ನಗರದಲ್ಲಿ ನಿಧನರಾದರು. 1923ರಲ್ಲಿ ಶೋಧಿಸಲಾದ ಸಾವಿರನೆಯ ಸಂಖ್ಯೆಯ ಕ್ಷುದ್ರಗ್ರಹಕ್ಕೆ ಪಿಯಾತ್ಸಿಯಾ ಎಂದು ಹೆಸರಿಟ್ಟರು.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಸಂಚರಿಸುವ ಸೀರಿಸ್‌ನ ವ್ಯಾಸ ಸುಮಾರು 940 ಕಿಲೋಮೀಟರ್. ಸೂರ್ಯನನ್ನು ಒಮ್ಮೆ ಸುತ್ತಲು 4.6 ವರ್ಷ, ಅಲ್ಲಿಯ ಒಂದು ದಿನವೆಂದರೆ ಒಂಬತ್ತು ಗಂಟೆ. 2006ರಿಂದ ಅದನ್ನು ಕುಬ್ಜಗ್ರಹವೆಂದೂ ಪರಿಗಣಿಸಲಾಗಿದೆ. 2015ರಲ್ಲಿ ಡಾನ್ ನೌಕೆ ಅದನ್ನು ಸಮೀಪಿಸಿ, ಲವಣದಿಂದ ಹೊಳೆಯುವ ಕುಳಿಗಳನ್ನೂ ನಮ್ಮ ಕುದುರೆಮುಖ ಶಿಖರಕ್ಕಿಂತ ಸುಮಾರು ಎರಡು ಪಟ್ಟು ಎತ್ತರದ ಒಂಟಿ ಪರ್ವತವನ್ನೂ ಕಂಡಿತು. ಧಾನ್ಯದೇವತೆಯ ಲೋಕವಾದ್ದರಿಂದ ಅಲ್ಲಿನ ಪರ್ವತಗಳಿಗೆ ಸುಗ್ಗಿ ಹಬ್ಬಗಳ ಹೆಸರಿಡುವುದು ರೂಢಿ. ಆ ಪರ್ವತದ ಹೆಸರು ಅಹುನಾ. ನಾವು ಸೆಪ್ಟೆಂಬರ್ 8ರಂದು ತೆನೆ ಹಬ್ಬ ಆಚರಿಸುವಂತೆ, ನಮ್ಮ ನಾಗಾಲ್ಯಾಂಡಿನ ಸುಮಿ ನಾಗಾ ಜನರು ಸುಗ್ಗಿಯ ತರುವಾಯ ಆಚರಿಸುವ ಹಬ್ಬ ಅದು.