ಕೊಣ್ಣೂರಿನ ಗುಹೆ ಮತ್ತು ರಾಜಾಖೇಡದ ಖಡ್ಗ

ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆಯು ಹುಕ್ಕೇರಿ ಸೀಮೆಯನ್ನು ತಣಿಸಿ, ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದಿಂದ ಧುಮುಕಿ, ಮುಂದೆ ಮೂಡಲಗಿಯ ಹೊಲಗಳ ಕಡೆಗೆ ಹರಿಯುತ್ತದೆ. ಈ ನದಿಯ ಎರಡೂ ದಂಡೆಗಳಲ್ಲಿ ಒಕ್ಕಲುತನವನ್ನೇ ನೆಚ್ಚಿದ ಜೈನ ಮನೆತನಗಳು ಬಹುಕಾಲದಿಂದ ಬಾಳಿಕೊಂಡು ಬಂದಿವೆ. ಜಲಪಾತಕ್ಕೆ ಸಮೀಪದ ಕೊಣ್ಣೂರು 1087ರ ಜೈನ ಶಾಸನವನ್ನು ಉಳಿಸಿಕೊಂಡ ಪ್ರಾಚೀನ ಗ್ರಾಮ. ಇಲ್ಲಿಯ ಗುಹೆಯಲ್ಲಿ ಧ್ಯಾನಸ್ಥರಾಗಿದ್ದ ಮುನಿಗಳೊಬ್ಬರ ಮೈಯನ್ನು ಸರ್ಪವು ಸುತ್ತಿಕೊಂಡ ಕಥೆಯನ್ನು ಈ ಭಾಗದ ಶ್ರಾವಕರ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ ಅದೇ ಮುನಿಗಳ ಬಾಳಿನಲ್ಲಿ ದೂರದೇಶದಲ್ಲಿ ನಡೆದ ಇನ್ನೊಂದು ಘಟನೆಯನ್ನು ಬಲ್ಲವರು ವಿರಳ. ಮೊದಲನೆಯದರ ಅರ್ಥವು ಪೂರ್ಣವಾಗುವುದು ಈ ಎರಡನೆಯದರಿಂದಲೇ.

ಆ ಮುನಿಗಳೇ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. 1872ರಲ್ಲಿ ತಾಯಿಯ ತವರೂರಾದ ಯಳಗೂಡಿನಲ್ಲಿ ಅವರ ಜನನವಾಯಿತು. ಮನೆತನವು ವೇದಗಂಗಾ ಮತ್ತು ದೂಧಗಂಗಾ ನದಿಗಳ ಸಂಗಮದಲ್ಲಿರುವ ಭೋಜ ಗ್ರಾಮದ್ದು. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಬಾಲ್ಯದ ಹೆಸರು ಸಾತಗೌಡ. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ವಿವಾಹವಾಯಿತು. ಆ ಬಾಲವಧುವು ಬೇಗನೆ ತೀರಿಕೊಳ್ಳಲು, ಸಾತಗೌಡರು ಪುನಃ ವಿವಾಹಕ್ಕೆ ಒಪ್ಪದೆ ಬ್ರಹ್ಮಚರ್ಯದಲ್ಲಿಯೇ ನಿಂತರು. ಹೊಲ ಕಾಯಲು ಹೋದಾಗ ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇರಿಸುತ್ತಿದ್ದರೆಂದು ಭೋಜ ಗ್ರಾಮದವರು ನೆನೆಯುತ್ತಾರೆ. ಬಲಿಷ್ಠ ದೇಹದ ಈ ಯುವಕರು ಮುನಿ ಆದಿಸಾಗರರನ್ನು ಹೆಗಲ ಮೇಲೆ ಹೊತ್ತು ನದಿಯನ್ನು ದಾಟಿಸಿದ ಸಂಗತಿಯೂ ಪ್ರಸಿದ್ಧವಾಗಿದೆ.

ವೈರಾಗ್ಯವು ತರುಣ ವಯಸ್ಸಿನಲ್ಲಿಯೇ ಮೊಳೆತಿದ್ದರೂ, ತಂದೆತಾಯಿಗಳ ಇಚ್ಛೆಯನ್ನು ಮೀರದೆ ಅವರು ಬದುಕಿರುವವರೆಗೆ ಮನೆಯಲ್ಲಿದ್ದು ಸೇವೆ ಮಾಡಿದರು. ಅವರಿಬ್ಬರ ದೇಹಾವಸಾನದ ಬಳಿಕ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು. 1920ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ಮುನಿದೀಕ್ಷೆಯಾಯಿತು. ಆಗ ಈ ಭಾಗದ ತ್ಯಾಗಿಗಳ ಆಹಾರಕ್ರಮದಲ್ಲಿ ಶೈಥಿಲ್ಯವು ನುಸುಳಿತ್ತು. ಉಪಾಧ್ಯಾಯರು ಮೊದಲೇ ಗೊತ್ತುಮಾಡಿದ ಮನೆಗೆ ಹೋಗಿ ಉಣ್ಣುವ ವಾಡಿಕೆ ನಡೆದಿತ್ತು. ಶಾಂತಿಸಾಗರರು ಅದನ್ನು ಒಪ್ಪಲಿಲ್ಲ. ಆಗಮದಲ್ಲಿ ಹೇಳಿದಂತೆ ವಿಧಿ ದೊರೆತರೆ ಆಹಾರ, ಇಲ್ಲವಾದರೆ ಉಪವಾಸ ಎಂಬ ನಿಯಮಕ್ಕೆ ಕಟ್ಟುಬಿದ್ದರು.

ಈ ದಿನಗಳಲ್ಲಿಯೇ ಗೋಕಾಕ ಸೀಮೆಯ ವಿಹಾರದಲ್ಲಿ ಅವರು ಕೊಣ್ಣೂರಿನ ಗುಹೆಗಳಲ್ಲಿ ಏಕಾಂತವಾಗಿ ಧ್ಯಾನಮಾಡುತ್ತಿದ್ದರು. ಒಮ್ಮೆ ಸಾಮಾಯಿಕಕ್ಕೆ ಕುಳಿತಿರಲು ಸರ್ಪವೊಂದು ಬಂದು ಅವರ ದೇಹವನ್ನು ಸುತ್ತಿಕೊಂಡಿತೆಂದೂ, ಬಹಳ ಹೊತ್ತು ಹಾಗೆಯೇ ಇದ್ದು ಕೊನೆಗೆ ತಾನಾಗಿಯೇ ಹೊರಟುಹೋಯಿತೆಂದೂ ಶ್ರಾವಕರು ಹೇಳಿಕೊಂಡು ಬಂದಿದ್ದಾರೆ. ಮಹಾರಾಜರು ಅಲುಗಲಿಲ್ಲ, ಯಾರನ್ನೂ ಕೂಗಲಿಲ್ಲ. ಕೇಳಿದ ಜನರು ಇದನ್ನು ಅತಿಶಯವೆಂದು ಕೊಂಡಾಡಿದರು. ಆದರೆ ಹಾವಿಗೆ ದ್ವೇಷವಿಲ್ಲ, ಸಂಚಿಲ್ಲ. ತನ್ನ ಸ್ವಭಾವದಂತೆ ಬಂದು ತನ್ನ ಸ್ವಭಾವದಂತೆ ಹೋಗುತ್ತದೆ. ತಿರ್ಯಂಚಕೃತ ಉಪಸರ್ಗವನ್ನು ಸಹಿಸಲು ಧೈರ್ಯವು ಬೇಕು. ಬೇಕೆಂದೇ ಕೊಲ್ಲಬಂದ ಮನುಷ್ಯನನ್ನು ಸಹಿಸಲು ಬರಿಯ ಧೈರ್ಯವು ಸಾಲದು.

1924ರಲ್ಲಿ ಸಮಡೋಳಿಯಲ್ಲಿ ಅವರಿಗೆ ಆಚಾರ್ಯಪದವು ಪ್ರಾಪ್ತವಾಯಿತು. 1927ರಲ್ಲಿ ಸಂಘವು ಸಮ್ಮೇದಶಿಖರಜಿಯ ಕಡೆಗೆ ಹೊರಟಿತು. ಉತ್ತರದೇಶದ ಜನರು ದಿಗಂಬರ ಮುನಿಸಂಘವನ್ನು ಕಂಡು ತಲೆಮಾರುಗಳೇ ಕಳೆದಿದ್ದವು. ಎಷ್ಟೋ ಊರುಗಳಲ್ಲಿ ಭಕ್ತಿಯು ಉಕ್ಕಿ ಹರಿಯಿತು. ಕೆಲವೆಡೆ ಅಜ್ಞಾನದಿಂದ ವಿರೋಧವೂ ಹುಟ್ಟಿತು.

1930ರ ಸುಮಾರಿಗೆ ಸಂಘವು ಧೋಲಪುರ ಸಂಸ್ಥಾನದ ರಾಜಾಖೇಡಕ್ಕೆ ಬಂದಿತು. ಆಹಾರದ ನಂತರ ಮುನಿಗಳು ಹೊರಗೆ ಬಯಲಿನಲ್ಲಿ ಧ್ಯಾನಕ್ಕೆ ಕೂರುವುದು ವಾಡಿಕೆ. ಆ ದಿನ ಮಾತ್ರ ಆಚಾರ್ಯರು ಎಲ್ಲರೂ ಒಳಗೇ ಕುಳಿತುಕೊಳ್ಳುವಂತೆ ಸೂಚಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಖಡ್ಗ, ದೊಣ್ಣೆಗಳನ್ನು ಹಿಡಿದ ನೂರಾರು ಜನರ ಗುಂಪೊಂದು ಮುನಿಗಳ ಮೇಲೆ ಬೀಳಲು ನುಗ್ಗಿ ಬಂದಿತು. ಶ್ರಾವಕರು ಬಾಗಿಲಲ್ಲಿ ಅಡ್ಡನಿಂತು ಪೆಟ್ಟು ತಿಂದರು. ಸಂಸ್ಥಾನದ ಪೊಲೀಸರು ಧಾವಿಸಿ ಬಂದು ಗುಂಪನ್ನು ಚದುರಿಸಿ, ಮುಖಂಡನನ್ನೂ ಅವನ ಸಂಗಡಿಗರನ್ನೂ ಸೆರೆಹಿಡಿದರು. ಮುನಿಗಳಿಗೆ ಅಪಾಯವಾಗಲಿಲ್ಲ.

ಸಂಘದವರು ನಿಟ್ಟುಸಿರುಬಿಟ್ಟರು. ದುಷ್ಟರಿಗೆ ತಕ್ಕ ಶಿಕ್ಷೆಯಾಗಲಿ ಎಂಬುದು ಗೃಹಸ್ಥರ ಸಹಜ ಅಪೇಕ್ಷೆ. ಆದರೆ ಪೊಲೀಸ್ ಅಧಿಕಾರಿಯು ದರ್ಶನಕ್ಕೆ ಬಂದಾಗ ಮಹಾರಾಜರು ಬೇಡಿದ್ದು ಶಿಕ್ಷೆಯನ್ನಲ್ಲ, ಬಿಡುಗಡೆಯನ್ನು. ತಮ್ಮ ನಿಮಿತ್ತದಿಂದ ಜೀವಿಗಳು ಸೆರೆಮನೆಯಲ್ಲಿ ಸಂಕಟಪಡುತ್ತಿರುವಾಗ ತಾವು ಆಹಾರಕ್ಕೆ ಏಳುವುದು ಹೇಗೆಂದು ಅವರು ಕೇಳಿದರು. ಅಧಿಕಾರಿಯು ಬೆರಗಾದನು. ಕೊನೆಗೆ ಸೆರೆಯಾದವರನ್ನು ಬಿಡಲಾಯಿತು ಎಂದು ಮಹಾರಾಜರ ಜೀವನಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ.

ಸಂಘದ ಶ್ರಾವಕರಿಗೆ ಇದನ್ನು ಅರಗಿಸಿಕೊಳ್ಳುವುದು ಸುಲಭವಾಗಿರಲಾರದು. ಪೆಟ್ಟು ತಿಂದವರು ಅವರೇ. ಆದರೂ ಮಹಾರಾಜರ ನಿಲುವಿನಲ್ಲಿ ವ್ರತದ ತಿರುಳೇ ಇದೆ. ಅನ್ಯರನ್ನು ಮಣಿಸಲು ಹೊಟ್ಟೆಯನ್ನು ಬರಿದುಮಾಡುವುದುಂಟು, ಕೀರ್ತಿಗಾಗಿ ದಿನಗಳನ್ನು ಎಣಿಸುವುದುಂಟು. ಇಲ್ಲಿಯಾದರೋ ವೈರಿಯ ಹಿತಕ್ಕಾಗಿಯೇ ಆಹಾರವು ನಿಂತಿತು. ಒಡಲಲ್ಲಿ ದ್ವೇಷವನ್ನು ಉಳಿಸಿಕೊಂಡು ಅನ್ನವನ್ನು ಮಾತ್ರ ಬಿಟ್ಟರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು.

ವ್ರತಗಳ ವಿಷಯದಲ್ಲಿ ಮಹಾರಾಜರಿಗೆ ಸರಿಸಾಟಿಯಾದವರು ಆ ಕಾಲದಲ್ಲಿ ವಿರಳ. 1234 ಉಪವಾಸಗಳ ಚಾರಿತ್ರಶುದ್ಧಿ ವ್ರತ, 720 ಉಪವಾಸಗಳ ತೀಸ ಚೌಬೀಸಿ ವ್ರತ, 156 ಉಪವಾಸಗಳ ಕರ್ಮದಹನ ವ್ರತ, ಕಠಿಣವಾದ ಸಿಂಹನಿಷ್ಕ್ರೀಡಿತ ವ್ರತ ಇವೆಲ್ಲವನ್ನೂ ಅವರು ಆಚರಿಸಿದರು. ಆದರೆ ರಾಜಾಖೇಡದಲ್ಲಿ ಕೈಗೊಂಡ ನಿಲುವಿಗೆ ಯಾವ ವ್ರತಕಥೆಯಲ್ಲಿಯೂ ಹೆಸರಿಲ್ಲ, ಅದಕ್ಕೆ ಉದ್ಯಾಪನೆಯೂ ಇಲ್ಲ.

ವೃದ್ಧಾಪ್ಯದಲ್ಲಿ ಅವರ ದೃಷ್ಟಿಯು ಮಂದವಾಯಿತು. ನೆಲವನ್ನು ನೋಡಿ ಹೆಜ್ಜೆಯಿಡಲಾಗದಿದ್ದರೆ ಜೀವರಕ್ಷಣೆ ಹೇಗೆ? ಸಂಯಮವನ್ನು ಕಳೆದುಕೊಂಡು ದೇಹವನ್ನು ಉಳಿಸಿಕೊಳ್ಳುವುದಕ್ಕಿಂತ ದೇಹವನ್ನು ಬಿಟ್ಟು ಸಂಯಮವನ್ನು ಉಳಿಸಿಕೊಳ್ಳಲು ಅವರು ನಿಶ್ಚಯಿಸಿದರು. ಕುಲಭೂಷಣ ದೇಶಭೂಷಣ ಮುನಿಗಳು ಮುಕ್ತಿ ಹೊಂದಿದ ಕುಂಥಲಗಿರಿಯಲ್ಲಿ 1955ರ ಆಗಸ್ಟ್ ತಿಂಗಳಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿದರು. ಆಚಾರ್ಯಪದವನ್ನು ಶಿಷ್ಯರಾದ ವೀರಸಾಗರ ಮುನಿಗಳಿಗೆ ಒಪ್ಪಿಸಿದರು. ಸಕಲ ಜೀವರನ್ನೂ ಕ್ಷಮಿಸಿ, ಸಕಲರಲ್ಲಿಯೂ ಕ್ಷಮೆಯನ್ನು ಬೇಡಿದರು. ಕೆಲವು ದಿನ ನೀರನ್ನು ಮಾತ್ರ ಸ್ವೀಕರಿಸಿ, ಬಳಿಕ ಅದನ್ನೂ ತ್ಯಜಿಸಿದರು. 36ನೆಯ ದಿನ, ಸೆಪ್ಟೆಂಬರ್ 18ರ ಬೆಳಗಿನಲ್ಲಿ, ಸಮಾಧಿಮರಣವನ್ನು ಹೊಂದಿದರು.

ಅಂದು ಭಾದ್ರಪದ ಶುದ್ಧ ಬಿದಿಗೆ. ಮೂರು ದಿನ ಕಳೆದರೆ ದಶಲಕ್ಷಣ ಪರ್ವ. ಅದರ ಮೊದಲನೆಯ ದಿನವು ಉತ್ತಮ ಕ್ಷಮಾಧರ್ಮದ್ದು. ಪರ್ವದಲ್ಲಿ ಉಪವಾಸವನ್ನು ಹಿಡಿಯುವ ಮನೆಗಳು ಕೊಣ್ಣೂರಿನ ಸರ್ಪವನ್ನು ನೆನೆಯುವಾಗ ರಾಜಾಖೇಡದ ಸೆರೆಯಾಳುಗಳನ್ನೂ ನೆನೆಯಬೇಕು. ಮಾತುಬಿಟ್ಟ ಅಣ್ಣತಮ್ಮಂದಿರ, ಬದುವಿಗಾಗಿ ಕಚೇರಿ ಹತ್ತಿದ ನೆರೆಹೊರೆಯವರ ಮನೆಬಾಗಿಲಿಗೆ ಒಮ್ಮೆ ಹೋಗಿಬಂದು ಆಮೇಲೆ ಪ್ರತ್ಯಾಖ್ಯಾನವನ್ನು ತೆಗೆದುಕೊಂಡರೆ ಅಂದಿನ ಉಪವಾಸವು ಸಫಲವಾದೀತು.