ಬೆಂಗಳೂರಿನಲ್ಲಿ ಉಳಿದುಕೊಂಡ ಹೋಮಿ ಭಾಭಾ



ಈ ಪುಟದಲ್ಲಿ ಹೆಚ್ಚಾಗಿ ಸಂತರ ಜೀವನ ಬರುತ್ತದೆ. ಈ ತಿಂಗಳು ನಾವು ಒಬ್ಬ ವಿಜ್ಞಾನಿಯ ಬದುಕನ್ನು ಆರಿಸಿಕೊಂಡಿದ್ದೇವೆ. ಅವರು ಕ್ರೈಸ್ತರಲ್ಲ, ಮುಂಬಯಿಯ ಪಾರ್ಸಿ ಮನೆತನದವರು. ಆದರೂ ಅವರನ್ನೇ ಆರಿಸಿಕೊಳ್ಳಲು ಕಾರಣವಿದೆ. ರಾಯದುರ್ಗದಲ್ಲಾಗಲಿ ಮಡಕಶಿರದಲ್ಲಾಗಲಿ ನಮ್ಮ ಯುವಜನರು ಸೇರಿದಾಗಲೆಲ್ಲ ಮಾತು ಒಂದೇ ಕಡೆ ತಿರುಗುತ್ತದೆ. ಬಿಎಸ್ಸಿ ಓದಿದವರಿಗೆ ಇಲ್ಲಿ ಏನಿದೆ? ದೊಡ್ಡ ವಿಜ್ಞಾನವೆಲ್ಲ ವಿದೇಶದಲ್ಲಿ, ನಮಗೆ ಉಳಿದದ್ದು ಪರೀಕ್ಷೆಗೆ ಬಾಯಿಪಾಠ ಮಾಡುವುದು ಮಾತ್ರ ಎಂದು ಒಬ್ಬರಾದರೂ ಹೇಳುತ್ತಾರೆ. ಹೋಮಿ ಜಹಾಂಗೀರ್ ಭಾಭಾ ಅವರಿಗೂ ಒಂದು ಕಾಲದಲ್ಲಿ ಹಾಗೆಯೇ ಅನಿಸಿತ್ತು.

ಅವರು ಹುಟ್ಟಿದ್ದು 1909ರ ಅಕ್ಟೋಬರ್ 30ರಂದು. ತಂದೆ ಬ್ಯಾರಿಸ್ಟರ್. ಅತ್ತೆಯನ್ನು ದೊರಾಬ್ಜಿ ಟಾಟಾ ಅವರಿಗೆ ಕೊಟ್ಟಿತ್ತು. ಮನೆಯಲ್ಲಿ ಪುಸ್ತಕ, ಚಿತ್ರಕಲೆ, ಪಾಶ್ಚಾತ್ಯ ಸಂಗೀತ ಎಲ್ಲವೂ ಇದ್ದವು. ನಮ್ಮ ಮನೆಗಳಿಗೂ ಆ ಮನೆಗೂ ಹೋಲಿಕೆ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡೋಣ. 1927ರಲ್ಲಿ ಕೇಂಬ್ರಿಡ್ಜಿಗೆ ಕಳುಹಿಸಿದಾಗ ಮನೆಯವರ ಆಸೆ ಸರಳವಾಗಿತ್ತು: ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಬೇಕು. ಮಗನಿಗೆ ಮನಸ್ಸಿದ್ದದ್ದು ಭೌತಶಾಸ್ತ್ರದಲ್ಲಿ. ಅದನ್ನು ತಂದೆಗೆ ಪತ್ರದಲ್ಲಿ ಬಿಡಿಸಿ ಬರೆದರು. ಎಂಜಿನಿಯರಿಂಗನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದರೆ ಮುಂದೆ ಗಣಿತ ಓದಲು ಹಣ ಕೊಡುತ್ತೇನೆ ಎಂದು ತಂದೆ ಒಪ್ಪಂದ ಮಾಡಿಕೊಂಡರು. 1930ರಲ್ಲಿ ಮಗ ತನ್ನ ಪಾಲನ್ನು ನೆರವೇರಿಸಿದ, ತಂದೆಯೂ ಮಾತು ಉಳಿಸಿಕೊಂಡರು.

ಭಾಭಾ ಹಿಡಿದ ವಿಷಯ ವಿಶ್ವಕಿರಣಗಳು. ಇಲ್ಲಿ ಸ್ವಲ್ಪ ನಿಂತು ನಮ್ಮ ಸಭೆಗೆ ಸೇರಿದ ಇಬ್ಬರನ್ನು ನೆನೆಯಬೇಕು. ಯೇಸುಸಭೆಯ ಗುರು ಫಾದರ್ ಥಿಯೋಡೋರ್ ವುಲ್ಫ್ ಗಾಳಿಯಲ್ಲಿನ ವಿದ್ಯುದಂಶವನ್ನು ಅಳೆಯುವ, ಎತ್ತಿಕೊಂಡು ಓಡಾಡಬಹುದಾದ ಎಲೆಕ್ಟ್ರೋಮೀಟರ್ ಒಂದನ್ನು ಮಾಡಿದರು. 1910ರಲ್ಲಿ ಅದನ್ನು ಪ್ಯಾರಿಸ್ಸಿನ ಐಫೆಲ್ ಗೋಪುರದ ತುದಿಗೆ ಕೊಂಡೊಯ್ದರು. ವಿಕಿರಣ ನೆಲದಿಂದಲೇ ಬರುವುದಾದರೆ 300 ಮೀಟರ್ ಎತ್ತರದಲ್ಲಿ ಬಹುಪಾಲು ಇಲ್ಲವಾಗಬೇಕಿತ್ತು. ಅಷ್ಟು ಇಳಿಯಲಿಲ್ಲ. 1912ರ ಆಗಸ್ಟ್ 7ರಂದು ಆಸ್ಟ್ರಿಯಾದ ವಿಕ್ಟರ್ ಹೆಸ್ ಅಂಥ ಉಪಕರಣಗಳನ್ನೇ ಬಲೂನಿನಲ್ಲಿಟ್ಟು 5 ಕಿಲೋಮೀಟರಿಗಿಂತ ಮೇಲಕ್ಕೆ ಹೋದಾಗ ಅದು ಇಳಿಯುವ ಬದಲು ಏರಿತು. ಏನೋ ಮೇಲಿನಿಂದ ಬರುತ್ತಿದೆ ಎಂದು ಗೊತ್ತಾದದ್ದು ಹೀಗೆ. ಹೆಸ್ ನಂಬಿಗಸ್ತ ಕಥೋಲಿಕರು. 1936ರಲ್ಲಿ ನೊಬೆಲ್ ಬಂತು. ಎರಡೇ ವರ್ಷಕ್ಕೆ ನಾಜಿಗಳು ಅವರನ್ನು ಕೆಲಸದಿಂದ ತೆಗೆದರು. ಅವರ ಪತ್ನಿ ಯೆಹೂದ್ಯ ಮೂಲದವರು. ದಂಪತಿಗಳು ದೇಶ ಬಿಟ್ಟು ಹೋದಾಗ ಅವರಿಗೆ ಕೆಲಸ ಕೊಟ್ಟದ್ದು ನ್ಯೂಯಾರ್ಕಿನ ಯೇಸುಸಭೆಯವರ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯ.

ಆ ಕಣಗಳು ನಮಗೆ ದೂರದ ಸಂಗತಿಯಲ್ಲ. ಬಲಿಪೂಜೆಯಲ್ಲಿ ನಾವು ಕೈ ಚಾಚಿ ಪರಲೋಕ ಪ್ರಾರ್ಥನೆ ಹೇಳುವಾಗ ಒಂದೊಂದು ಅಂಗೈಯನ್ನೂ ನಿಮಿಷಕ್ಕೆ ಸುಮಾರು ನೂರು ಕಣಗಳು ತೂರಿ ಹೋಗುತ್ತವೆ. ನೋವಿಲ್ಲ, ಸದ್ದಿಲ್ಲ. ಬಾಹ್ಯಾಕಾಶದಿಂದ ವೇಗವಾಗಿ ಬರುವ ಪ್ರೋಟಾನ್‌ಗಳು ಗಾಳಿಯ ಮೇಲಿನ ಪದರಕ್ಕೆ ಬಡಿದಾಗ ಹುಟ್ಟುವ ಮರಿಕಣಗಳು ಇವು. ಒಂದು ಕಣ ಹೇಗೆ ನೂರಾರು, ಸಾವಿರಾರು ಆಗುತ್ತದೆ? 1937ರಲ್ಲಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಇದರ ಒಂದು ಬಗೆಯ ಲೆಕ್ಕ ಕೊಟ್ಟರು. ವೇಗದ ಎಲೆಕ್ಟ್ರಾನ್ ಗಾಮಾ ಕಿರಣವನ್ನು ಹೊಮ್ಮಿಸುತ್ತದೆ, ಗಾಮಾ ಕಿರಣ ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ, ಆ ಎರಡೂ ಮತ್ತೆ ಗಾಮಾ ಕಿರಣಗಳನ್ನು ಹೊಮ್ಮಿಸುತ್ತವೆ. ಮಳೆಯಂತೆ ಸುರಿಯುವ ಈ ಸರಪಳಿಯೇ ಕಣಗಳ ತುಂತುರು. ಆಕಾಶದ ಗಾಮಾ ಕಿರಣಗಳನ್ನು ನೆಲದಿಂದ ಹಿಡಿಯುವ ಇಂದಿನ ದೂರದರ್ಶಕಗಳು ನೋಡುವುದೂ ಇದನ್ನೇ. ತುಂತುರು ಗಾಳಿಯಲ್ಲಿ ಇಳಿಯುವಾಗ ಕಣ್ಣಿಗೆ ಕಾಣದಷ್ಟು ಕಡಿಮೆ ಹೊತ್ತು ಒಂದು ನೀಲಿ ಮಿಂಚು ಹುಟ್ಟುತ್ತದೆ. ಅವು ಹಿಡಿಯುವುದು ಆ ಮಿಂಚನ್ನು.

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಸೆಪ್ಟೆಂಬರ್‌ನಲ್ಲಿ ಮಹಾಯುದ್ಧ ಶುರುವಾಯಿತು. ಹಡಗು, ಕೇಂಬ್ರಿಡ್ಜ್, ಗೆಳೆಯರು ಎಲ್ಲವೂ ಆಚೆ ಉಳಿದವು. ವಯಸ್ಸು ಮೂವತ್ತು, ಕೆಲಸವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತಶಾಸ್ತ್ರ ವಿಭಾಗ ಸರ್ ಸಿ. ವಿ. ರಾಮನ್ ಅವರದು. ಅಲ್ಲಿ ಭಾಭಾ ಅವರಿಗೆ ರೀಡರ್ ಹುದ್ದೆ ಸಿಕ್ಕಿತು. ಯುದ್ಧ ಮುಗಿದ ಕೂಡಲೇ ಹಿಂದಿರುಗಬೇಕೆಂಬುದೇ ಅವರ ಎಣಿಕೆ. ಯೂರೋಪಿನಲ್ಲಿ ದೊಡ್ಡವರೊಡನೆ ಕುಳಿತು ಚರ್ಚಿಸಿದವರಿಗೆ ಬೆಂಗಳೂರು ಖಾಲಿಯಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಆದರೆ ಬೆಂಗಳೂರಿನ ಮೇಲಿನ ಆಕಾಶ ಖಾಲಿಯಾಗಿರಲಿಲ್ಲ. ಭೂಮಿಯೇ ಒಂದು ಅಯಸ್ಕಾಂತ, ಅದರ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವುದು ದಕ್ಷಿಣ ಭಾರತದ ತುದಿಯ ಹತ್ತಿರ. ಈ ಭಾಗದಲ್ಲಿ ಕಡಿಮೆ ಶಕ್ತಿಯ ವಿಶ್ವಕಿರಣಗಳನ್ನು ಭೂಮಿ ಹಿಂದಕ್ಕೆ ತಿರುಗಿಸುತ್ತದೆ, ಬಲವಾದವು ಮಾತ್ರ ಒಳಗೆ ಬರುತ್ತವೆ. ಯೂರೋಪಿನಲ್ಲೋ ಅಮೆರಿಕದಲ್ಲೋ ಮಾಡಿದ ಅಳತೆಯ ಜೊತೆ ಹೋಲಿಸಲು ಇಲ್ಲಿನ ಅಳತೆ ಬೇಕೇ ಬೇಕು. 1939–40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್ ಸಾವಿರಾರು ಮೈಲಿ ದಾಟಿ ಬಂದು ಬೆಂಗಳೂರಿನಿಂದ ಬಲೂನು ಹಾರಿಸಿದ್ದೂ ಇದಕ್ಕಾಗಿಯೇ. ಇದನ್ನು ಓದಿದಾಗ ನಮಗೆ ನಗು ಬಂತು. ನಾವು ಏನೂ ಇಲ್ಲ ಎನ್ನುವ ಸೀಮೆಯ ಆಕಾಶಕ್ಕಾಗಿ ನೊಬೆಲ್ ಪಡೆದವರು ಹಡಗು ಹತ್ತಿದ್ದರು!

ಅಲ್ಲಿಯತನಕ ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದ ಭಾಭಾ ಬೆಂಗಳೂರಿನಲ್ಲಿ ಉಪಕರಣಗಳಿಗೆ ಕೈ ಹಾಕಿದರು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಿಂದ ವಿಶ್ವಕಿರಣ ಸಂಶೋಧನಾ ಘಟಕ ಶುರುವಾಯಿತು. ಮೊದಲ ಉಪಕರಣ ಗೈಗರ್ ಕೊಳವೆ: ಅನಿಲ ತುಂಬಿದ ಕೊಳವೆಯ ನಡುವೆ ಒಂದು ತಂತಿ, ಅದಕ್ಕೆ ಹೆಚ್ಚಿನ ವೋಲ್ಟೇಜ್. ಕಣ ಹಾದುಹೋದರೆ ಒಂದು ವಿದ್ಯುತ್ ಮಿಡಿತ. ಒಂದೇ ಕೊಳವೆ ಮಿಡಿದರೆ ಕಣ ಯಾವ ಕಡೆಯಿಂದ ಬಂತೆಂದು ತಿಳಿಯದು. ಒಂದರ ಮೇಲೊಂದು ಕೊಳವೆಗಳನ್ನಿಟ್ಟು ಎಲ್ಲವೂ ಒಟ್ಟಿಗೆ ಮಿಡಿದದ್ದನ್ನು ಮಾತ್ರ ಎಣಿಸಿದರೆ ನೇರ ಮೇಲಿನಿಂದ ಬಂದದ್ದು ಸಿಗುತ್ತದೆ. ನಡುವೆ ಸೀಸದ ಹಲಗೆ ಇಟ್ಟರೆ ಎಲೆಕ್ಟ್ರಾನ್‌ಗಳು ಅಲ್ಲೇ ನಿಲ್ಲುತ್ತವೆ, ಮೆಸಾನ್‌ಗಳು ದಾಟುತ್ತವೆ. ಮೆಸಾನ್ ಎಂಬ ಹೆಸರನ್ನು ಮುಂದಿಟ್ಟವರೂ ಭಾಭಾ. ಆಗ ಹಾಗೆ ಕರೆದ ಈ ಕಣವನ್ನು ನಾವೀಗ ಮ್ಯೂಯಾನ್ ಎನ್ನುತ್ತೇವೆ. ಎರಡನೆಯ ಉಪಕರಣ ಮೋಡಪೆಟ್ಟಿಗೆ, 12 ಅಂಗುಲ ಅಡ್ಡಳತೆಯದು. ಒಳಗಿನ ತೇವದ ಗಾಳಿ ತಟ್ಟನೆ ತಣ್ಣಗಾದಾಗ ಕಣ ಹೋದ ದಾರಿಯುದ್ದಕ್ಕೂ ಹನಿಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ನಮ್ಮ ಉಸಿರು ಕಾಣುವಂತೆ ಆ ದಾರಿ ಬಿಳಿ ಗೆರೆಯಾಗಿ ಕಾಣುತ್ತದೆ, ಅದರ ಫೋಟೋ ತೆಗೆಯಬಹುದು.

ಯುದ್ಧವೇ ಇನ್ನೊಂದು ಬಾಗಿಲು ತೆರೆಯಿತು. ಅಮೆರಿಕದ ವಾಯುಪಡೆಯ ವಿಮಾನಗಳು ಆಗ ಬೆಂಗಳೂರಿಗೆ ಬರುತ್ತಿದ್ದವು. ಭಾಭಾ ಮತ್ತು ಸಂಗಡಿಗರು ತಮ್ಮ ಕೊಳವೆಗಳ ಜೋಡಣೆಯನ್ನು ಅವುಗಳಲ್ಲಿಟ್ಟು ಸುಮಾರು 30,000 ಅಡಿಯವರೆಗೆ ಹೋಗಿ ಮೆಸಾನ್‌ಗಳನ್ನು ಎಣಿಸಿದರು. ಫಲಿತಾಂಶ 1945ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ಲೇಖಕರ ಪಟ್ಟಿಯಲ್ಲಿ ಭಾಭಾ ಜೊತೆ ಎಸ್. ವಿ. ಚಂದ್ರಶೇಖರ ಅಯ್ಯ ಅವರ ಹೆಸರೂ ಇದೆ.

ಈ ನಡುವೆ 1941ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. ಅಲಹಾಬಾದ್ ಮತ್ತು ಕಲ್ಕತ್ತದಿಂದ ಕರೆ ಬಂತು, ಹೋಗಲಿಲ್ಲ. ಯುದ್ಧದ ಕೊನೆಯ ವರ್ಷಗಳ ಅವರ ಪತ್ರಗಳಲ್ಲಿ ಮನಸ್ಸು ಬದಲಾದದ್ದು ಕಾಣುತ್ತದೆ. ಸರಿಯಾದ ಬೆಂಬಲ ಸಿಕ್ಕರೆ ಸ್ವಂತ ದೇಶದಲ್ಲೇ ಉಳಿದು ಇತರ ದೇಶಗಳಿಗೆ ಸಮನಾದ ಸಂಸ್ಥೆ ಕಟ್ಟುವುದು ಕರ್ತವ್ಯವೆಂದು ಅವರಿಗೆ ಅನಿಸತೊಡಗಿತ್ತು. ಸರಿಯಾದ ಬೆಂಬಲ ಸಿಕ್ಕರೆ ಎಂಬ ಷರತ್ತನ್ನು ಭಾಷಣಗಳಲ್ಲಿ ಎಲ್ಲರೂ ಮರೆಯುತ್ತಾರೆ. ಉಳಿಯಿರಿ ಎಂದು ನಮ್ಮ ಮಕ್ಕಳಿಗೆ ಹೇಳುವ ದೊಡ್ಡವರು ಅದನ್ನೂ ಸೇರಿಸಿ ಹೇಳಬೇಕು. ಭಾಭಾ ಷರತ್ತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂರಲಿಲ್ಲ, ಕೇಳಿದರು. 1944ರ ಮಾರ್ಚ್ 12ರಂದು ಟಾಟಾ ಟ್ರಸ್ಟಿಗೆ ಮನವಿ ಬರೆದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಕೆಲಸ ಶುರುಮಾಡಿತು. ಡಿಸೆಂಬರ್ ಹೊತ್ತಿಗೆ ಮುಂಬಯಿಗೆ ಹೋಯಿತು.

ಅಲ್ಲಿಂದಾಚೆಯ ಭಾಭಾ ಎಲ್ಲರಿಗೂ ಗೊತ್ತು: 1948ರ ಅಣುಶಕ್ತಿ ಆಯೋಗ, ಟ್ರಾಂಬೆ, 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷತೆ. ಅಣುಶಕ್ತಿಯ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ, ಅದನ್ನು ಇಲ್ಲಿ ಎಳೆಯುವುದಿಲ್ಲ. ನಮಗೆ ಹೆಚ್ಚು ಹತ್ತಿರವಾದದ್ದು ಕೋಲಾರದ ಚಿನ್ನದ ಗಣಿ. 1951ರಲ್ಲಿ ಭಾಭಾ ತಮ್ಮ ಸಂಸ್ಥೆಯ ಕನ್ನಡಿಗ ಯುವಕ ಬಿ. ವಿ. ಶ್ರೀಕಂಠನ್ ಅವರನ್ನು ಗೈಗರ್ ಕೊಳವೆಗಳೊಂದಿಗೆ ಅಲ್ಲಿಗೆ ಕಳುಹಿಸಿದರು. ವಿಮಾನದಲ್ಲಿ ಮೇಲಕ್ಕೆ ಹೋದ ಉಪಕರಣ ಈಗ ಗಣಿಯ ಪಂಜರದಲ್ಲಿ ಕೆಳಕ್ಕೆ ಇಳಿಯಿತು. ಆಳಕ್ಕೆ ಹೋದಷ್ಟೂ ಬಂಡೆ ಮ್ಯೂಯಾನ್‌ಗಳನ್ನು ತಡೆಯುತ್ತದೆ. ಕೊನೆಗೆ ಎಣಿಸಲು ಒಂದೂ ಸಿಗದಂಥ ಆಳ ಬಂತು. ಅಂಥ ನಿಶ್ಶಬ್ದದಲ್ಲೇ ಯಾವುದಕ್ಕೂ ಅಂಟದ ನ್ಯೂಟ್ರಿನೊ ಬಂಡೆಯಲ್ಲಿ ಎಬ್ಬಿಸುವ ಗುರುತನ್ನು ಹುಡುಕಲು ಸಾಧ್ಯ. ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಕೆಳಗೆ, ಬಂಡೆಯೇ ಬಿಸಿಯಿರುವ ಸೆಕೆಯಲ್ಲಿ, ಭಾರತ, ಜಪಾನ್ ಮತ್ತು ಇಂಗ್ಲೆಂಡಿನವರು ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳನ್ನು ಹೂಡಿ ಕಾದರು. 1965ರಲ್ಲಿ, ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಜಗತ್ತಿನಲ್ಲಿ ಮೊದಲು ವರದಿ ಮಾಡಿದವರಲ್ಲಿ ಕೋಲಾರದವರು ಸೇರಿದರು. ಆ ಗಣಿಯಲ್ಲಿ ದುಡಿದವರಲ್ಲಿ ನಮ್ಮ ಸಭೆಯ ಕುಟುಂಬಗಳೂ ಇದ್ದವು ಎಂಬುದನ್ನು ಓದುಗರಲ್ಲಿ ಹಲವರು ಬಲ್ಲರು.

ಆ ವರದಿ ಬಂದ ಕೆಲವೇ ತಿಂಗಳಿಗೆ, 1966ರ ಜನವರಿ 24ರಂದು, ಭಾಭಾ ಸಭೆಯೊಂದಕ್ಕೆ ವಿಯೆನ್ನಾಗೆ ಹೊರಟಿದ್ದರು. ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ಒಳಗಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಿಗೆ 56 ವರ್ಷ. ಮದುವೆಯಾಗಿರಲಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಊಟಿಯಲ್ಲಿ ಟಾಟಾ ಸಂಸ್ಥೆಯ ಸುಮಾರು 400 ಸಿಂಟಿಲೇಟರ್‌ಗಳು ಇಂದಿಗೂ ಹಗಲಿರುಳು ತುಂತುರುಗಳನ್ನು ಎಣಿಸುತ್ತಿವೆ. ಲಡಾಖಿನ ಹಾನ್ಲೆಯಲ್ಲಿ 21 ಮೀಟರ್ ಅಗಲದ ಕನ್ನಡಿಯ ಗಾಮಾ ಕಿರಣ ದೂರದರ್ಶಕ 2024ರಲ್ಲಿ ಉದ್ಘಾಟನೆಯಾಯಿತು. ಈ ಸಂಸ್ಥೆಗಳಿಗೆ ಸೇರಲು ಪ್ರವೇಶ ಪರೀಕ್ಷೆಗಳಿವೆ, ಬಿಎಸ್ಸಿ ಓದುವವರು ಬರೆಯಬಹುದಾದವೂ ಇವೆ. ಅರ್ಜಿ ತುಂಬಲು, ಹಳೆಯ ಪ್ರಶ್ನೆಪತ್ರಿಕೆ ನೋಡಲು ಬಯಸುವ ತಮ್ಮ ತಂಗಿಯರು ಭಾನುವಾರದ ಪೂಜೆ ಮುಗಿದ ಮೇಲೆ ಯುವಜನರ ಕೊಠಡಿಯಲ್ಲಿ ನಮ್ಮನ್ನು ಕಾಣಿ. ತೆಲುಗು ಮಾಧ್ಯಮದಲ್ಲಿ ಓದಿದವರೂ ಬನ್ನಿ.